ಎಂಜಿನ್ ಆಯಿಲ್ ಬೇಗ ಕಪ್ಪಾಗುವುದೇಕೆ?

"ನಮ್ಮಣ್ಣನ ಟರ್ಬೊ ಪೆಟ್ರೋಲ್ ಕಾರಿಗೆ ಹೊಸ ಆಯಿಲ್ ಹಾಕಿಸಿ 2,000 ಕಿ.ಮೀ. ಕೂಡ ಆಗಿಲ್ಲ. ಆಗಲೇ ಕಪ್ಪಾಗಿದೆ. ಎಂಜಿನ್ ಬಿಚ್ಚಬೇಕು ಅಂತಾರೆ ಮೆಕ್ಯಾನಿಕ್. ನಿಜವೇ ಸಾರ್?" ಇದು ಗುಂಡ್ಲುಪೇಟೆಯ ಪಿಯುಸಿ ವಿದ್ಯಾರ್ಥಿಯೊಬ್ಬನ ಪ್ರಶ್ನೆ. ಎಂಜಿನ್ ಬಿಚ್ಚುವುದೆಂದರೆ ಸಾವಿರಾರು ರೂಪಾಯಿಯ ಮಾತು. ಆದ್ದರಿಂದ ತಂದೆ ತಾಯಿಯರೂ ಇದನ್ನು ಓದಲಿ.

ಬಟ್ಟೆ ಒಗೆದ ನೀರು ಕಪ್ಪಾದರೆ ಸೋಪು ಕೆಟ್ಟಿದೆ ಎನ್ನುತ್ತೇವೆಯೇ? ಕೊಳೆ ಬಿಟ್ಟಿದೆ ಎನ್ನುತ್ತೇವೆ. ಎಂಜಿನ್ ಆಯಿಲ್‌ನಲ್ಲೂ ಸೋಪಿನ ಗುಣದ ರಾಸಾಯನಿಕಗಳಿರುತ್ತವೆ. ಅವು ಮಸಿಯ ಕಣಗಳು ಒಂದಕ್ಕೊಂದು ಅಂಟದಂತೆ ತೇಲಿಸಿ ಹಿಡಿದಿರುತ್ತವೆ. ಹೀಗಾಗಿ ಬಣ್ಣ ಕಪ್ಪಾಯಿತೆಂಬುದೊಂದೇ ರೋಗದ ಲಕ್ಷಣವಲ್ಲ. ಕೊಳೆ ಯಾವುದು, ಎಲ್ಲಿಂದ ಬಂತು ಎಂದು ಕೇಳಬೇಕು.

ವೇಗದ ಕಾರುಗಳಲ್ಲಿ ಮಸಿ ಹೆಚ್ಚಲು ಕಾರಣವುಂಟು. ಇಂಥ ಅನೇಕ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್‌ನೊಳಗೇ ಚಿಮ್ಮುತ್ತದೆ. ಗಾಳಿಯೊಡನೆ ಪೂರ್ತಿ ಬೆರೆಯಲು ಸಮಯ ಸಾಲದೆ ಒಂದಿಷ್ಟು ಅರೆಬೆಂದು ಮಸಿಯಾಗುತ್ತದೆ. ಒತ್ತಡಕ್ಕೆ ಸಿಕ್ಕ ಅನಿಲ ಪಿಸ್ಟನ್ ರಿಂಗಿನ ಸಂದಿಯಿಂದ ನುಸುಳಿ ಆಯಿಲ್ ಸೇರುತ್ತದೆ. ರಿಂಗು ಸವೆದಿದ್ದರೆ ಇನ್ನೂ ಹೆಚ್ಚು.

ಟರ್ಬೊ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದರ ಬೇರಿಂಗನ್ನು ತಂಪಾಗಿಡುವುದರಲ್ಲೂ ಆಯಿಲ್‌ಗೆ ಪಾಲಿದೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಕೆಳಗಿನಿಂದ ಅದನ್ನು ರಭಸವಾಗಿ ಹತ್ತಿ, ಮೇಲೆ ಬಂದೊಡನೆ ಎಂಜಿನ್ ಆರಿಸಿದರೆ ಆಯಿಲ್ ಹರಿವು ನಿಲ್ಲುತ್ತದೆ. ಕಾದ ಬೇರಿಂಗಿನಲ್ಲಿ ಉಳಿದದ್ದು ಸುಟ್ಟು ಕರಕಲಾಗುತ್ತದೆ. ಒಂದೆರಡು ನಿಮಿಷ ನಿಧಾನಗತಿಯಲ್ಲಿ ಓಡಿಸಿ ಆರಿಸುವುದು ಒಳ್ಳೆಯದು.

ಇದಕ್ಕೆ ವಿರುದ್ಧವಾದ ಕಾರಣವೂ ಇದೆ. ಮನೆಯಿಂದ ಪೇಟೆಗೆ ಎರಡು ಕಿ.ಮೀ., ಮತ್ತೆ ವಾಪಸು! ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ವಿದ್ಯಾರ್ಥಿಗಳು ಆಕ್ಟೇನ್‌ನ ಸಮೀಕರಣ ಬರೆದು ಲೆಕ್ಕ ಹಾಕಿ ನೋಡಲಿ. ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೊರಹೋದರೂ, ಎಂಜಿನ್ ಚೆನ್ನಾಗಿ ಕಾಯದಿದ್ದರೆ ಒಂದಂಶ ಆಯಿಲ್‌ನಲ್ಲೇ ಉಳಿಯುತ್ತದೆ. ಉರಿಯದ ಪೆಟ್ರೋಲ್ ಸೇರಿ ಅದನ್ನು ತೆಳುವಾಗಿಸುತ್ತದೆ.

ಮೂರನೆಯದು ದೂಳು. ನಮ್ಮ ಜಿಲ್ಲೆಯಲ್ಲಿ ಕಲ್ಲು ಗಣಿಗಳೂ ಮಣ್ಣಿನ ರಸ್ತೆಗಳೂ ಸಾಕಷ್ಟಿವೆ. ಮರಳಿನ ಸ್ಫಟಿಕದ ಗಡಸುತನ ಮೋಸ್ ಮಾನದಲ್ಲಿ 7. ಬೇರಿಂಗಿನ ಮೆದು ಲೋಹ ಅದರೆದುರು ನಿಲ್ಲದು. ಹೆಚ್ಚು ಗಾಳಿ ಬಿಡಲೆಂದು ಹುಡುಗರು ಬದಲಿಸುವ ಏರ್ ಫಿಲ್ಟರ್ ಸರಿಯಾಗಿ ಕೂರದಿದ್ದರೆ ಈ ದೂಳು ನೇರ ಒಳಗೆ ಹೋಗುತ್ತದೆ. ಮಸಿಗಿಂತ ಅಪಾಯಕಾರಿ ಇದು.

ಹಾಗಾದರೆ ಪತ್ತೆ ಮಾಡುವುದು ಹೇಗೆ? ಹಿರಿಯರ ಸಹಾಯದಿಂದ ಡಿಪ್‌ಸ್ಟಿಕ್‌ನ ಒಂದು ಹನಿ ಬೆಚ್ಚಗಿನ ಆಯಿಲನ್ನು ಫಿಲ್ಟರ್ ಪೇಪರ್ ಮೇಲೆ ಬಿಟ್ಟು ರಾತ್ರಿಯಿಡೀ ಅಲುಗಾಡಿಸದೆ ಇಡಿ. ಶಾಲೆಯಲ್ಲಿ ಶಾಯಿಯ ಬಣ್ಣ ಬೇರ್ಪಡಿಸುವ ಕ್ರೊಮ್ಯಾಟೊಗ್ರಫಿಯ ತತ್ತ್ವವೇ ಇದು. ಕಪ್ಪು ಸಮನಾಗಿ ಹರಡಿದ್ದರೆ ಆಯಿಲ್ ಇನ್ನೂ ಮಸಿಯನ್ನು ತೇಲಿಸಬಲ್ಲದು. ನಡುವೆ ದಟ್ಟ ಕಪ್ಪು ಚುಕ್ಕೆ, ಸುತ್ತ ಚೂಪಾದ ಅಂಚು ಇದ್ದರೆ ಅದರ ಶಕ್ತಿ ಮುಗಿದಿದೆ, ಬದಲಿಸಿ. ಪೆಟ್ರೋಲ್ ವಾಸನೆ ಬಂದರೆ ಇಂಧನ ಬೆರೆತಿದೆ. ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆತ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ. ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಲೇಬೇಕು, ಅಲ್ಲಿಯವರೆಗೆ ಕಾರು ಓಡಿಸಬೇಡಿ.

ಆದ್ದರಿಂದ, ಪ್ರಶ್ನೆ ಕೇಳಿದ ಹುಡುಗನಿಗೆ ಉತ್ತರವಿಷ್ಟೆ: ಮೊದಲು ಏರ್ ಫಿಲ್ಟರ್ ನೋಡಿಸಿ, ಆಯಿಲ್ ಮಟ್ಟ ಇಳಿಯುತ್ತಿದೆಯೇ ಗಮನಿಸಿ, ಹನಿ ಪರೀಕ್ಷೆ ಮಾಡಿ. ಆಯಿಲ್ ಇಳಿಯುತ್ತಿದ್ದು ನೀಲಿ ಹೊಗೆಯೂ ಬಂದರೆ ಕಂಪ್ರೆಷನ್ ಟೆಸ್ಟ್ ಮಾಡಿಸಲಿ. ಎಂಜಿನ್ ಬಿಚ್ಚುವ ಮಾತು ಆಮೇಲಿನದು. ತೆಗೆದ ಹಳೆಯ ಆಯಿಲನ್ನು ಮಾತ್ರ ಚರಂಡಿಗೆ ಸುರಿಯಬೇಡಿ. ಅದು ನಮ್ಮ ಬಾವಿ, ಕೆರೆಗಳ ನೀರಿಗೇ ಬಂದು ಸೇರುತ್ತದೆ.