ಬಾಗಿಲ ದಿಕ್ಕ ಅಷ್ಟ ನೋಡಿದ್ರ ಸಾಕೇನ್ರಿ?

ಮೊನ್ನಿ ನಮ್ಮ ಓಣ್ಯಾಗ ಒಬ್ರು ಸೈಟ್ ತಗೊಂಡ್ರು. ಏನೇನ್ ನೋಡಿದ್ರಿ ಅಂತ ಕೇಳಿದ್ರ, "ಪೂರ್ವ ದಿಕ್ಕಿಂದ ಐತ್ರಿ ಅಕ್ಕಾರ, ಭಾಳ ಛಲೋ ಐತಿ" ಅಂದ್ರು. ಅಷ್ಟ! ದಿಕ್ಕ ನೋಡಬ್ಯಾಡ್ರಿ ಅನ್ನಂಗಿಲ್ಲ ನಾ. ಆದ್ರ ನೆಲ ನೋಡೋರು ಯಾರು?

ನಮ್ಮ ಹುಬ್ಬಳ್ಳಿ ಕಡೆ ಎರಿ ಭೂಮಿ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಿರಕ ಬಿಡತೈತಿ. ಪಾಯಾ ಗಟ್ಟಿ ನೆಲ ಮುಟ್ಟಲಿಲ್ಲಂದ್ರ ಗ್ವಾಡಿನೂ ಬಿರಕ ಬಿಡತಾವು. ನನ್ನ ಪಾಟ್ಲಿ ಮಾರಿ ಕಟ್ಟಿಸಿದ ಮನಿ ನಮ್ದು; ಇವತ್ತ ಅಡಗಿಮನಿ ಗ್ವಾಡಿ ಬಿರಕಿನಾಗ ಬೆರಳ ಹೋಗತೈತಿ. ಪಾಯಾದಾಗ ರೊಕ್ಕ ಉಳಿಸಿ, ತಲಬಾಗಿಲಕ್ಕ ಸಾಗವಾನಿ ಹಾಕಿಸಿದ್ವಿ!

ಅಳತಿದೂ ಹಂಗ. 30–40ರ ಸೈಟ್ ಅಂದ್ರ 1200 ಚದರ ಫೂಟ್. ಸುತ್ತಲೂ 3 ಫೂಟ್ ಬಿಟ್ರ ಉಳಿಯೂದು 816. ಇದನ್ನ ಲೆಕ್ಕ ಹಾಕದ ಮೂರು ಬೆಡ್‌ರೂಮಿನ ಕನಸು ಕಾಣತಾರ. ಎನ್.ಎ. ಆಗೇತೇನು, ಲೇಔಟ್ ಮಂಜೂರಾಗೇತೇನು, ಪಂಚಾಯ್ತಿ ಹದ್ದಿನಾಗಿದ್ರ ಫಾರಂ 9, ಫಾರಂ 11 ಅದಾವೇನು ಅಂತ ಕೇಳಿದ್ರ, "ಹೆಂಗಸ್ರಿಗೆ ಯಾಕ ಬೇಕು" ಅಂತಾರ. ರೊಕ್ಕ ಕಡಿಮಿ ಬಿದ್ದಾಗ ನಮ್ಮ ಪಾಟ್ಲಿ ಬೇಕು, ಕಾಗದ ನೋಡೂವಾಗ ನಾವ್ ಬ್ಯಾಡೇನು?

ಅಕ್ಕಾರ, ಮುಂಗಡ ಕೊಡೂಕಿಂತ ಮೊದಲ, ದೊಡ್ಡ ಮಳಿ ಆದ ಮರುದಿನ ಸೈಟಿಗೆ ನೀವ ಹೋಗ್ರಿ. ನೀರು ಎಲ್ಲಿ ನಿಂತೈತಿ ನೋಡ್ರಿ. ಬಾಜೂ ಮನಿಯಾಕಿನ್ನ ಮಾತಾಡಿಸ್ರಿ; ಬೋರಿನ ನೀರು, ಗ್ವಾಡಿ ಬಿರಕು ಎಲ್ಲಾ ಹೇಳತಾಳ. ತಗ್ಗ ತೋಡಿಸಿ ಎಂಜಿನಿಯರಗ ಮಣ್ಣು ತೋರಸ್ರಿ. ಆಮ್ಯಾಲ ದಿಕ್ಕ ನೋಡೂಣಂತ.