ದುರ್ಬಲರಲ್ಲ, ಅರಕ್ಷಿತರು

ಆಂಗ್ಲಭಾಷೆಯ ‘ವಲ್ನರಬಲ್’ ಎಂಬ ಶಬ್ದಕ್ಕೆ ನಮ್ಮ ಪತ್ರಿಕೆಗಳೂ ಕಚೇರಿಗಳೂ ‘ದುರ್ಬಲ’ ಎಂಬ ಪ್ರತಿಪದವನ್ನು ರೂಢಿಗೆ ತಂದಿವೆ. ಈ ರೂಢಿ ಸಾಧುವಲ್ಲವೆಂಬುದು ನನ್ನ ಅಭಿಪ್ರಾಯ.

ಶಬ್ದದ ಮೂಲ ಲ್ಯಾಟಿನ್ನಿನ ‘ವುಲ್ನುಸ್’, ಎಂದರೆ ಗಾಯ. ಗಾಯಗೊಳಿಸಲು ಸಾಧ್ಯವಾದುದು ಎಂಬುದೇ ವಾಚ್ಯಾರ್ಥ. ಬಲಾಬಲದ ಮಾತು ಇಲ್ಲಿಲ್ಲ. ಕವಚಕುಂಡಲಗಳನ್ನು ಕೊಯ್ದು ಇಂದ್ರನಿಗಿತ್ತ ಕರ್ಣನ ತೋಳ್ಬಲ ಎಳ್ಳಷ್ಟೂ ಕುಗ್ಗಲಿಲ್ಲ. ಬಾಣ ನಾಟಬಹುದಾದ ಮೈ ಮಾತ್ರ ಅವನದಾಯಿತು. ಆ ಕರ್ಣನನ್ನು ದುರ್ಬಲನೆಂದು ಯಾವ ಕವಿ ಕರೆದಾನು? ಬಂಡೀಪುರ, ನಾಗರಹೊಳೆಗಳ ಕಾಟಿಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 1986ರಿಂದ ಇದೇ ಶಬ್ದದ ವರ್ಗದಲ್ಲಿರಿಸಿದೆ. ಸಾವಿರ ಕಿಲೋ ತೂಗಬಲ್ಲ ಆ ಪ್ರಾಣಿ ದುರ್ಬಲವಂತೆ!

ಪ್ರಮಾದ ಕಾಟಿಗೆ ತಗುಲಿದರೆ ನಕ್ಕು ಸುಮ್ಮನಾಗಬಹುದು. ಮನುಷ್ಯರಿಗೆ ತಗುಲಿದರೆ ಹಾಗಲ್ಲ. ಭಾರತ ಸರಕಾರವು 2006ರಲ್ಲಿ ‘ಆದಿಮ’ ಎಂಬ ಹೀನಾರ್ಥದ ಹಣೆಪಟ್ಟಿಯನ್ನು ಕೆಲವು ಬುಡಕಟ್ಟುಗಳಿಂದ ತೆಗೆದು ಈ ಶಬ್ದವನ್ನಿಟ್ಟಿತು. ಕರ್ನಾಟಕದಲ್ಲಿ ಆ ಪಟ್ಟಿಗೆ ಸೇರಿದವರು ಜೇನುಕುರುಬರು ಮತ್ತು ಕೊರಗರು. ಕನ್ನಡಕ್ಕೆ ಬರುವಷ್ಟರಲ್ಲಿ ಅವರು ‘ದುರ್ಬಲ ಬುಡಕಟ್ಟು’ ಆಗಿಬಿಟ್ಟರು. ಮುಗಿಲೆತ್ತರದ ಮರವೇರಿ ಜೇನಿಳಿಸುವವರು ದುರ್ಬಲರೆ? ಕಾಡು ರಕ್ಷಿತಾರಣ್ಯವಾದಾಗ ನೆಲೆ ತಪ್ಪಿದವರು ಅವರು. ಇನ್ನು ಕೊರಗರನ್ನು ಘಾಸಿಗೊಳಿಸಿದುದು ಅಜಲು ಎಂಬ ಅಮಾನುಷ ಪದ್ಧತಿ; ಅದನ್ನು ನಿಷೇಧಿಸಲು 2000ದಲ್ಲಿ ಕಾಯಿದೆಯೇ ಬೇಕಾಯಿತು. ಗಾಯ ಮಾಡಿದವರು ಹೊರಗಿರುವಾಗ ಗಾಯಗೊಂಡವರ ಮೈಯಲ್ಲಿ ಕೊರತೆಯನ್ನು ಹುಡುಕುವುದು ಎಂಥ ನ್ಯಾಯ?

ಜನರ ವಿಷಯದಲ್ಲಿ ‘ಅರಕ್ಷಿತ’ ಎಂಬುದೇ ಯುಕ್ತ. ‘ದುರ್ಬಲ’ ಎಂದೊಡನೆ ನ್ಯೂನತೆ ಆ ವ್ಯಕ್ತಿಯದೇ ಎಂದಾಗುತ್ತದೆ. ‘ರಕ್ಷಿತ’ವು ಕರ್ಮಣಿ ಕೃದಂತ, ಯಾರಿಂದ ರಕ್ಷಿತರಾಗಬೇಕಾಗಿತ್ತು ಎಂಬ ಕರ್ತೃವಿನ ಆಕಾಂಕ್ಷೆ ಅದರೊಳಗೇ ಇದೆ. ಇದನ್ನು ಪಂಡಿತರ ಗೊಡ್ಡು ಚರ್ಚೆಯೆನ್ನುವವರು ನಮ್ಮ ಪ್ರಸಾದನಿಲಯದ ಪಂಕ್ತಿಯನ್ನೊಮ್ಮೆ ನೋಡಲಿ. ತಂದೆಯನ್ನು ಕಳೆದುಕೊಂಡು, ಬರಗಾಲದ ಊರಿನಿಂದ ಒಂಟಿಯಾಗಿ ಬಂದು, ನಸುಕಿನಲ್ಲಿ ತಾನೇ ಎದ್ದು ಓದುವ ಬಾಲಕನನ್ನು ಯಾವ ಬಾಯಿಂದ ದುರ್ಬಲನೆನ್ನೋಣ? ದಾಸೋಹವನ್ನು ನಡೆಸಿಕೊಂಡು ಬಂದ ದಾನಿಗಳು ಅವನ ಬಲಹೀನತೆಗೆ ಮರುಗಿ ಕೊಟ್ಟವರಲ್ಲ. ತಪ್ಪಿಹೋದ ರಕ್ಷಣೆಯ ಸ್ಥಾನದಲ್ಲಿ ತಾವು ನಿಂತವರು.

ಒಂದೇ ಪ್ರತಿಪದವನ್ನು ಎಲ್ಲೆಡೆ ಹೇರಬೇಕೆಂದಲ್ಲ. ಕೋಟೆ ಕವಚಗಳಿಗೆ ‘ಭೇದ್ಯ’ ಸಲ್ಲುತ್ತದೆ. ಹೊಳೆದಂಡೆಯ ಊರನ್ನು ನೆರೆಗೆ ಈಡಾಗಬಲ್ಲ ಊರೆಂದರೆ ಅಚ್ಚಗನ್ನಡವೇ ಆಯಿತು. ಪ್ರಸಾದನಿಲಯದ ಮುಂದಿನ ವರ್ಷದ ಪ್ರವೇಶಪತ್ರ ಅಚ್ಚಿಗೆ ಹೋಗುವ ಮುನ್ನ, ‘ದುರ್ಬಲ ಕುಟುಂಬದವರೆ?’ ಎಂಬ ಕಲಮನ್ನು ತಿದ್ದಿಸಬೇಕೆಂದು ಆಡಳಿತ ಮಂಡಲಿಯವರಲ್ಲಿ ವಿನಂತಿಸುತ್ತೇನೆ.