ಅಟ್ಟದಿಂದ ಇಳಿದ ಕಾರು

ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಹಳೆಯ ಮನೆಯ ಅಟ್ಟ ಖಾಲಿ ಮಾಡುವಾಗ ಒಮ್ಮೊಮ್ಮೆ ಗೇಣುದ್ದದ ಆಟದ ಕಾರೊಂದು ಸಿಗುತ್ತದೆ. ಚಕ್ರ ತಿರುಗುವುದಿಲ್ಲ. ಟೈರು ಬೆಲ್ಲದ ಪಾಕದಂತೆ ಅಂಟಂಟು. ಮಗುಚಿ ನೋಡಿದರೆ ಯಾವ ಕಂಪನಿಯ ಹೆಸರೂ ಇಲ್ಲ. ಹಿತ್ತಾಳೆಯ ಕೊಳವೆ, ಗಡುಸು ತಂತಿ, ಅಲ್ಲಲ್ಲಿ ಗಂಟುಗಟ್ಟಿದ ಬೆಸುಗೆ. ಗುಜರಿ ಸಾಮಾನೆಂದು ಯಾರಾದರೂ ಬಗೆದರೆ ಆಶ್ಚರ್ಯವಿಲ್ಲ. ಆದರೆ ಇಂಥದನ್ನೇ ಹುಡುಕಿಕೊಂಡು ಅಲೆಯುವ ಹವ್ಯಾಸಿಗಳಿದ್ದಾರೆ.

ಇದು ಸ್ಲಾಟ್ ಕಾರು. ಓಡುವ ಹಾದಿಯಲ್ಲಿ ಉದ್ದಕ್ಕೂ ಒಂದು ಸೀಳು, ಅದರ ಎರಡೂ ಪಕ್ಕ ಲೋಹದ ಪಟ್ಟಿ, ಪಟ್ಟಿಯಲ್ಲಿ ಸುಮಾರು 12 ವೋಲ್ಟ್ ವಿದ್ಯುತ್. ಕಾರಿನ ಮೂತಿಯಡಿಯ ನಾಲಿಗೆ ಸೀಳಿಗಿಳಿದು ದಾರಿ ಹಿಡಿಸುತ್ತದೆ. ಅದರ ಇಬ್ಬದಿಯ ತಾಮ್ರದ ಹೆಣಿಗೆ ಪಟ್ಟಿಯನ್ನು ಸವರುತ್ತ ಮೋಟರಿಗೆ ವಿದ್ಯುತ್ ಒಯ್ಯುತ್ತದೆ. ಆಡುವವನ ಕೈಯಲ್ಲಿರುವುದು ವೇಗ ಮಾತ್ರ. ತಿರುವಿನಲ್ಲಿ ಆಸೆ ಹೆಚ್ಚಾಯಿತೋ, ಕಾರು ಸೀಳು ಬಿಟ್ಟು ಹಾರಿತೆಂದೇ ಲೆಕ್ಕ. 1957ರಲ್ಲಿ ಬ್ರಿಟನ್ನಿನ ಫ್ರೆಡ್ ಫ್ರಾನ್ಸಿಸ್ ‘ಸ್ಕೇಲೆಕ್‌ಸ್ಟ್ರಿಕ್’ ಹೆಸರಿನಲ್ಲಿ ಇದನ್ನು ಅಂಗಡಿಗೆ ತಂದರು. 1960ರ ದಶಕದ ನಡುವೆ ಅಮೆರಿಕದಲ್ಲಿ ಕಾಸು ಕೊಟ್ಟು ಓಡಿಸುವ ದೊಡ್ಡ ಟ್ರ್ಯಾಕುಗಳೇ ಎದ್ದವು. ದಶಕ ಮುಗಿಯುವ ಹೊತ್ತಿಗೆ ಹೆಚ್ಚಿನವು ಬಾಗಿಲೆಳೆದುಕೊಂಡವು, ಕಾರುಗಳು ರಟ್ಟಿನ ಡಬ್ಬಿ ಸೇರಿದವು.

ಅಂಗಡಿಯ ಕಾರಿನ ವೇಗ ಸಾಲದೆಂದವರು ತಾವೇ ಕಾರು ಕಟ್ಟಿದರು. ಆಟದ ರೈಲಿಗೆ ಹಾಕುವ ಪಿಟ್‌ಮನ್‌ನಂಥ ಮೋಟರು ತಂದು ಹಿತ್ತಾಳೆಯ ಚೌಕಟ್ಟಿಗೆ ಕೂರಿಸಿದರು. ಮೈಗೆ ಬಾಲ್ಸಾ ಮರ, ಇಲ್ಲವೇ ಒಳಗಿನಿಂದ ಬಣ್ಣ ಬಳಿದ ತೆಳು ಪ್ಲಾಸ್ಟಿಕ್ಕು. ಮೂತಿ ಮೇಲೇಳದಂತೆ ಮುಂದೆ ಸೀಸದ ಚೂರು. ಆ ಚೂರಿನ ಪಕ್ಕದಲ್ಲೇ ಒಣಗಿದ ಅಂಟಿನ ಕಲೆ ಕಂಡರೆ, ಕಟ್ಟಿದಾತ ಓಡಿಸಿ ನೋಡಿ, ಒಪ್ಪಿಗೆಯಾಗದೆ ಭಾರವನ್ನು ಜರುಗಿಸಿದ್ದಾನೆಂದು ಊಹಿಸಬಹುದು. ಕಂಪನಿಯ ಕಾರಾದರೆ ಹಳೆಯ ಕ್ಯಾಟಲಾಗ್ ತೆಗೆದು ಹೇಗಿತ್ತೆಂದು ನೋಡಬಹುದು. ಮನೆಯಲ್ಲಿ ಕಟ್ಟಿದ್ದಕ್ಕೆ ಆ ಕಲೆಯೇ ಕ್ಯಾಟಲಾಗ್.

ರಿಪೇರಿಯ ಕಷ್ಟವೂ ಅಲ್ಲಿಂದಲೇ ಶುರು. ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವ ಮನೆಯವರಿಗೆ ಇದನ್ನೂ ಫಳಫಳ ಹೊಳೆಯಿಸುವ ಆಸೆ ಬಂದೀತು. ಅನೇಕ ಹವ್ಯಾಸಿಗಳು ಮಾಡುವುದೂ ಅದನ್ನೇ: ಗಂಟುಬೆಸುಗೆ ಕರಗಿಸಿ, ಅರದಿಂದ ಉಜ್ಜಿ, ನಯವಾಗಿ ಮತ್ತೆ ಬೆಸೆಯುತ್ತಾರೆ. ಕಾರು ಚೆಂದವೇನೋ ಆಗುತ್ತದೆ, ಆದರೆ ಅದು ರಿಪೇರಿ ಮಾಡಿದವನ ಕಾರು.

ಹಾಗೆಂದು ಮುಟ್ಟದೆ ಬಿಡುವಂತೆಯೂ ಇಲ್ಲ. ಬೆಸುಗೆಗೆ ಆಸಿಡ್ ಬಳಸಿ ಸರಿಯಾಗಿ ತೊಳೆಯದಿದ್ದರೆ ಅದು ಇಷ್ಟು ವರ್ಷವೂ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಹಿತ್ತಾಳೆಯ ಮೇಲೆ ಹಸಿರು, ತಂತಿಯ ಮೇಲೆ ತುಕ್ಕು. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿದರೆ ಆ ಕಾಟ ನಿಲ್ಲುತ್ತದೆ. ಪ್ಲಾಸ್ಟಿಕ್ ಮೈಗೆ ಥಿನ್ನರು ತಾಗಿಸಲೇಬಾರದು. ಸಾಬೂನು ನೀರು ಸಾಕು.

ಅವಸರ ಹೆಚ್ಚು ದುಬಾರಿಯಾಗುವುದು ಮೋಟರಿನಲ್ಲಿ. ಸಿಕ್ಕ ಕೂಡಲೇ ಕರೆಂಟು ಕೊಟ್ಟರೆ, ಹಳೆಯ ಎಣ್ಣೆ ಮೇಣದಂತೆ ಗಟ್ಟಿಯಾಗಿ ಮೋಟರು ತಿರುಗಲಾರದೆ ಸುರುಳಿ ಸುಟ್ಟೀತು. ಮೊದಲು ಕೈಯಲ್ಲೇ ತಿರುಗಿಸಿ ಎಣ್ಣೆಯ ಜಿಡ್ಡು ಕರಗಿಸಬೇಕು, ಆಮೇಲೆ ಮೂರೋ ನಾಲ್ಕೋ ವೋಲ್ಟ್. ಹಳೆಯ ಮೋಟರುಗಳಲ್ಲಿ ಅಲ್ನಿಕೋ ಎಂಬ ಮಿಶ್ರಲೋಹದ ಅಯಸ್ಕಾಂತ ಇರುವುದುಂಟು. ಬಿಚ್ಚಿ ಒಳಗಿನ ಸುರುಳಿಯನ್ನು ಹೊರಗೆಳೆದರೆ ಅದು ಗಣನೀಯವಾಗಿ ಶಕ್ತಿಗುಂದುತ್ತದೆ. ಬಲ್ಲವರು ಸುರುಳಿ ತೆಗೆಯುವ ಮುನ್ನವೇ ಅಯಸ್ಕಾಂತದ ತುದಿಗಳಿಗೆ ಕಬ್ಬಿಣದ ತುಂಡೊಂದನ್ನು ಅಂಟಿಸಿರುತ್ತಾರೆ. ತಪ್ಪಿದರೆ ಮತ್ತೆ ಕಾಂತಶಕ್ತಿ ತುಂಬಿಸಲು ಬೇರೆ ಯಂತ್ರವೇ ಬೇಕು.

ಟೈರುಗಳ ವಿಷಯದಲ್ಲಿ ಜಗಳವಿಲ್ಲ. ಕೊಳೆತ ರಬ್ಬರು ಓಡಲಾರದು, ಹೊಸದು ಹಾಕಲೇಬೇಕು. ಎಚ್ಚರಿಕೆಯವರು ಕಿತ್ತ ಹಳೆಯ ಟೈರುಗಳನ್ನೂ ಎಸೆಯದೆ, ಪುಟ್ಟ ಪೊಟ್ಟಣ ಕಟ್ಟಿ, ಕಾರು ಸಿಕ್ಕ ಆ ಡಬ್ಬಿಯಲ್ಲೇ ಇಡುತ್ತಾರೆ.